ಕರೆದರೆ ಓ ಎನ್ನುವ ಕಾಯಿಲೆ

೨೦೨೫ರ ಜನವರಿ ೧೮, ಶನಿವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಹೊನ್ನಾವರದ ಬಂದರು ರಸ್ತೆಯ ಮನೆಯಲ್ಲಿ ಸಂಪದಾ ಊಟದ ಮೇಜಿನ ಮೇಲೆ ಮೂರು ಪ್ರಯಾಣ ವಿಮೆಗಳ ನಿಯಮಾವಳಿ ಹರಡಿಕೊಂಡು ನಿಂತಿದ್ದಳು. ಕೂತರೆ ಕಾಲು ತಾನಾಗಿ ಅಲ್ಲಾಡುತ್ತಿತ್ತು. ನಿಂತರೆ ಕೈ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿತ್ತು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳಿಗೆ ಸಣ್ಣ ಅಕ್ಷರ ಓದುವುದು ಹೊಸದಲ್ಲ. ಬಾಟಲಿಯ ಚೀಟಿ ಪೂರ್ತಿ ಓದದೆ ಮುಚ್ಚಳ ಮುಟ್ಟಬಾರದು ಎಂದು ಪ್ರತಿ ಜೂನಿನಲ್ಲಿ ಮಕ್ಕಳಿಗೆ ಹೇಳುವವಳು ಅವಳೇ. ಹಾಗಿದ್ದೂ ಮೂರರಲ್ಲೂ ಒಂದೇ ಜಾಗಕ್ಕೆ ಬಂದಾಗ ಅವಳ ಕಣ್ಣು ಹಿಂದಕ್ಕೆ ಸರಿಯುತ್ತಿತ್ತು. ಪ್ರಯಾಣಿಕರಿಗೆ ಮೊದಲೇ ಇದ್ದ ಕಾಯಿಲೆಗಳು ಎಂಬ ಜಾಗ.

ಹಡಗಿನ ಆಸೆ ಗಂಡ ಅನೂಪ ಹೆಗಡೆಯದ್ದು. ಸಂತೆಗುಳಿಯ ತೋಟದ ಮನೆಯಲ್ಲಿ ಬೆಳೆದ ಅವನು ಚಿಕ್ಕವನಿದ್ದಾಗ ಗುಡ್ಡ ಹತ್ತಿ ನಿಂತು ದೂರದ ಸಮುದ್ರವನ್ನು ಬೆಳ್ಳಗಿನ ಒಂದು ಗೆರೆಯಾಗಿ ನೋಡಿದವನು. ಈಗ ಕುಮಟೆಯ ಅಡಿಕೆ ಸೊಸೈಟಿಯಲ್ಲಿ ಲೆಕ್ಕಪತ್ರ ನೋಡುವ, ಐವತ್ತೆರಡು ದಾಟಿದ ಮನುಷ್ಯ. ಕಾಲೇಜಿನ ಹಳೆಯ ಸ್ನೇಹಿತರೆಲ್ಲ ಜೋಡಿ ಜೋಡಿಯಾಗಿ ಫೆಬ್ರವರಿಯಲ್ಲಿ ಸಿಂಗಾಪುರದಿಂದ ಹೊರಡುವ ಹಡಗಿಗೆ ಟಿಕೆಟ್ ಮಾಡಿಸಿದ್ದರು. ಪೆನಾಂಗ್, ಫುಕೆಟ್ ಸುತ್ತಿ ಬರುವುದು. ಎಲ್ಲರ ವಿಮೆಯೂ ಆಗಿತ್ತು, ಇವರಿಬ್ಬರದ್ದು ಬಿಟ್ಟು. ಸೋಮವಾರದೊಳಗೆ ಕಳಿಸದಿದ್ದರೆ ನಿಮ್ಮ ಬಾಲ್ಕನಿಯ ಕೋಣೆಯಲ್ಲಿ ನನ್ನ ಅತ್ತೆಯನ್ನು ಮಲಗಿಸುತ್ತೇನೆ ಎಂದು ಗುಂಪಿನ ಉಸ್ತುವಾರಿ ಹೊತ್ತ ಸುಹಾಸ ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ಹೆದರಿಸಿದ್ದ.

ಅನೂಪ ಒಳಗಿನಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದು ಮೇಜಿನ ಮೇಲೆ ಬಗ್ಗಿದ.

"ಎಂತದು ಮಾರಾಯ್ತಿ, ಪರೀಕ್ಷೆ ನಿಂಗೋ ಹಡಗಿಗೋ?"

ಮೊದಲನೆಯದು ಎಲ್ಲಕ್ಕಿಂತ ಅಗ್ಗ, ಅದನ್ನೇ ಮಾಡಿಸಿದರೆ ಆಯಿತು ಎಂಬುದು ಅವನ ಮಾತು. ಸಂಪದಾ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಮೊದಲನೆಯದು ವಿಮಾನ ತಪ್ಪಿದರೆ, ಪೆಟ್ಟಿಗೆ ಕಳೆದರೆ ಕೊಡುತ್ತದೆ. ಹಡಗು ಎಂಬ ಶಬ್ದವೇ ಅದರಲ್ಲಿ ಇಲ್ಲ. ಎರಡನೆಯದರಲ್ಲಿ ಹಡಗು ಇದೆ: ಬಂದರು ತಪ್ಪಿದರೆ, ಕಾಯಿಲೆ ಬಿದ್ದು ಕೋಣೆಯಲ್ಲೇ ಇರಬೇಕಾಗಿ ಬಂದರೆ, ನಡುಗಡಲಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಬೇಕಾದರೆ. ಆದರೆ ಮೊದಲೇ ಇದ್ದ ಕಾಯಿಲೆಯಿಂದ ಆದದ್ದಕ್ಕೆ ಬಿಡಿಗಾಸಿಲ್ಲ. ಮೂರನೆಯದು ಅದಕ್ಕೂ ಕೊಡುತ್ತದೆ, ಜೀವಕ್ಕೆ ಅಪಾಯ ಅನ್ನುವಂತಿದ್ದರೆ. ಆದರೆ ಕಾಯಿಲೆ ಯಾವುದೆಂದು ಮೊದಲು ಹೇಳಬೇಕು, ಡಾಕ್ಟರ ವರದಿ ಇಡಬೇಕು.

ಹಡಗಿನಲ್ಲಿ ಡಾಕ್ಟರು ಇರುತ್ತಾರಲ್ಲ ಎಂದ ಅನೂಪ. ಡಾಕ್ಟರು ಇದ್ದಾರೆ, ತಲೆಯ ಸ್ಕ್ಯಾನು ಇಲ್ಲ ಎಂದಳು ಸಂಪದಾ. ತಲೆ ಎಂಬ ಮಾತು ಬಂದದ್ದೇ ಅವನು ಕಿಟಕಿಯತ್ತ ತಿರುಗಿ, ಭಟ್ಕಳಕ್ಕೆ ಏಜೆಂಟನ ಹತ್ತಿರ ಹೊರಡುವುದಾದರೆ ಹೊರಡುವ, ಬಿಸಿಲೇರುತ್ತದೆ ಎಂದ.

ಆ ಮಾತನ್ನು ಅವರ ಮನೆಯಲ್ಲಿ ಅಕ್ಟೋಬರಿನಿಂದ ಯಾರೂ ಆಡಿರಲಿಲ್ಲ.

ನವರಾತ್ರಿಯ ರಜೆಗೆ ಸಂತೆಗುಳಿಗೆ ಹೋದಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲಿ ಅನೂಪನ ಬಲಗೈಯಿಂದ ತಂಬುಳಿಯ ಲೋಟ ಜಾರಿತು. ಅವನು ನಗಲು ಹೋದ; ಬಾಯಿ ಒಂದೇ ಬದಿಗೆ ನಕ್ಕಿತು. ಕುಮಟೆಗೆ, ಅಲ್ಲಿಂದ ಮಣಿಪಾಲಕ್ಕೆ ಎಂದು ಸಂಪದಾ ಕಾರಿನ ಕೀಲಿ ಹುಡುಕುವಷ್ಟರಲ್ಲಿ ಅತ್ತೆ ಮಹಾಲಕ್ಷ್ಮೀ ನೆರೆಮನೆಯ ಜೀಪು ಕರೆಸಿ ಮಗನನ್ನು ಕೂರಿಸಿಯಾಗಿತ್ತು. ಹೊಳೆಯಾಚೆ, ನಾಟಿ ಮದ್ದು ಕೊಡುವ ಈರಗೌಡರ ಅಂಗಳ. ಆ ಕಾಯಿಲೆಗೆ ಮೂರು ತಾಲೂಕಿನ ಜನ ಅಲ್ಲಿಗೇ ಹೋಗುವುದು. ಜೀಪು ಅಂಗಳ ಮುಟ್ಟುವ ಮೊದಲೇ ಅನೂಪನ ಬಾಯಿ ನೆಟ್ಟಗಾಗಿತ್ತು, ಬೆರಳು ಮಡಚಲು ಬರುತ್ತಿತ್ತು. ಇದನ್ನು ಗಮನಿಸಿದವಳು ಸಂಪದಾ ಒಬ್ಬಳೇ. ಉಳಿದವರ ಪಾಲಿಗೆ ಅದು ಮದ್ದು ಕುಡಿದ ಮೇಲೆ ಸರಿಯಾಯಿತು. ತಾನಾಗಿ ಬಂದು ತಾನಾಗಿ ಹೋಗುವ ಇಂಥ ಸಣ್ಣ ಹೊಡೆತ ದೊಡ್ಡದೊಂದಕ್ಕೆ ಮುನ್ಸೂಚನೆಯೂ ಆಗಬಹುದೆಂದು ಅವಳು ಆಮೇಲೆ ಓದಿಕೊಂಡಳು. ಓದಿದ್ದನ್ನು ಹೇಳಲು ಹೋದಾಗಲೆಲ್ಲ "ಸಮಾ ಆತಲ" ಎಂಬ ಉತ್ತರ ಸಿಕ್ಕಿತು.

ಈರಗೌಡರು ದುಡ್ಡು ಮುಟ್ಟುವವರಲ್ಲ. ಒಂದು ತೆಂಗಿನಕಾಯಿ, ಒಂದು ಕವಳೆ ವೀಳ್ಯದೆಲೆ, ಅಷ್ಟೇ. ಬದಲಿಗೆ ಪಥ್ಯ ಬಿಗಿ. ಬದನೆ ಇಲ್ಲ, ಕುಂಬಳ ಇಲ್ಲ, ಹುಳಿ ಇಲ್ಲ, ಚಾ ಇಲ್ಲ. ಅದರ ಮೇಲೆ ಕೊನೆಯದೊಂದು ನಿಯಮ, ರೋಗಿಯ ಕಿವಿಯ ಹತ್ತಿರ ಬಗ್ಗಿ ಹೇಳುವುದು: "ಅದ್ರ ಹೆಸ್ರು ಕರೀಬೇಡಿ. ಕರೆದ್ರೆ ಓ ಹೇಳಿ ಬತ್ತದೆ. ಮುಂದಿನ ಮಳೆಗಾಲ ದಾಟ್ಲಿ." ಮದ್ದು ಕುಡಿದವರ ಮನೆಗಳಲ್ಲಿ ಅದಕ್ಕೆ ಹೆಸರಿಲ್ಲ. ಅದು ಗಾಳಿ. ಗಾಳಿ ತಾಗಿತ್ತು, ಗಾಳಿ ಬಿಟ್ಟಿತು.

ಕಾರು ಸಂಪದಾ ಓಡಿಸಿದಳು. ಕ್ಲಚ್ ಬಿಗಿಯಾಗಿದೆ, ನನಗೆ ಆಗದು ಎಂದು ಅನೂಪ ಹಬ್ಬ ಕಳೆದ ಮೇಲೆ ಸ್ಟೇರಿಂಗು ಹಿಡಿದಿರಲಿಲ್ಲ. ಗ್ಯಾರೇಜಿನವನು ನೋಡಿ, ಕ್ಲಚ್ಚಿಗೆ ಎಂತ ಆಗಿದೆ, ಬೆಣ್ಣೆಯ ಹಾಗಿದೆ ಅಂದಿದ್ದ. ಸೋಮಾರಿತನ ಎಂದುಕೊಂಡು ಅವಳು ಬಿಟ್ಟುಬಿಟ್ಟಿದ್ದಳು. ಮಂಕಿ ದಾಟುವಾಗ ಅವನು ಬಲಗೈಯನ್ನೇ ಅಡ್ಡ ತಂದು ಕಿಟಕಿಯ ಗಾಜು ಇಳಿಸಿದ, ಏರಿಸಿದ, ರೇಡಿಯೋ ಹಾಕಿದ, ಆರಿಸಿದ. ಮುರ್ಡೇಶ್ವರದ ತಿರುವಿನಲ್ಲಿ ಪ್ರವಾಸಿ ಬಸ್ಸುಗಳು ಅಡ್ಡ ನಿಂತು ದಾರಿ ಕಟ್ಟಿದಾಗ, ಇವರ್ಯಾರಿಗೂ ವಿಮೆ ಇಲ್ಲೆ, ಎಲ್ಲ ಸುಖವಾಗಿದ್ದ ಎಂದ. ಅವಳು ನಗಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ಇವನು ನಾಲ್ಕು ಕಾಸು ಉಳಿಸಲಿಕ್ಕೆ, ಅಥವಾ ಕಂಪನಿಯವರು ಬೇಡ ಅಂದರೆ ಸ್ನೇಹಿತರೆದುರು ಸಣ್ಣವನಾಗಬೇಕಲ್ಲ ಎಂದು ಮುಚ್ಚಿಡುತ್ತಿದ್ದಾನೆ. ಆಸ್ಪತ್ರೆಯ ಕಾಗದ ಒಂದೂ ಇಲ್ಲ. ಕಾಗದ ಇಲ್ಲದ ಕಾಯಿಲೆ ಆಗಿಯೇ ಇಲ್ಲ ಎಂಬ ಸೊಸೈಟಿಯ ಲೆಕ್ಕ. ಹಾಗೆ ಎಣಿಸಿದಷ್ಟೂ ಅವಳ ಕಾಲು ಆಕ್ಸಿಲರೇಟರಿನ ಮೇಲೆ ಗಟ್ಟಿಯಾಗುತ್ತಿತ್ತು. ಶಿರಾಲಿಯಲ್ಲಿ ಎಮ್ಮೆಯೊಂದು ಹೆದ್ದಾರಿಯ ನಡುವೆ ಮನಸ್ಸು ಬದಲಾಯಿಸಿದಾಗ ಬ್ರೇಕು ಒತ್ತಿದ ರಭಸಕ್ಕೆ ಹಿಂದಿನ ಸೀಟಿನ ಹಾಳೆಗಳೆಲ್ಲ ಕೆಳಗೆ ಬಿದ್ದವು.

ಭಟ್ಕಳದ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ದೇವರಾಜನ ಆಫೀಸು. ಮಾವಳ್ಳಿಯ ಮೀನುಗಾರರ ಮನೆಯ ಹುಡುಗ. ಈಗ ನಲವತ್ತರ ಹತ್ತಿರ ಬಂದಿದ್ದಾನೆ. ನಾಲ್ಕಾರು ಕಂಪನಿಗಳ ವಿಮೆ ಮಾರುತ್ತಾನೆ, ಇವರ ಕಾರಿನದ್ದೂ ಅವನೇ. ದುಬೈಗೆ ಹೋಗಿಬರುವವರಿಂದಾಗಿ ಪ್ರಯಾಣ ವಿಮೆ ಅವನಿಗೆ ಅಂಗೈ ಮೇಲಿನ ನೆಲ್ಲಿ. ಕೆಳಗಿನ ಅಂಗಡಿಯವನೊಡನೆ ನವಾಯತಿ ಭಾಷೆಯಲ್ಲಿ ಜಗಳವಾಡುತ್ತಿದ್ದವನು ಇವರನ್ನು ಕಂಡು ಕನ್ನಡಕ್ಕೆ ಬಂದು, ಕುರ್ಚಿ ಒರೆಸಿ ಕೂರಿಸಿದ.

ಹಡಗಿಗೆ ವಿಮೆ ಅಂದದ್ದಕ್ಕೆ ಅವನಿಗೆ ನಗು. "ನಮ್ಮಪ್ಪ ಬದುಕಿಡೀ ಸಮುದ್ರಕ್ಕೆ ಹೋದ ಅಕ್ಕೋರೆ. ಅವನ ಇನ್ಶೂರೆನ್ಸು ಅಂದ್ರೆ ದೋಣಿ ಮೂತಿಗೆ ಕಟ್ಟಿದ ಒಂದು ನಿಂಬೆಹಣ್ಣು. ಅದೂ ಕೊಳೆತದ್ದು."

ಅನೂಪ ಗಟ್ಟಿಯಾಗಿ ನಕ್ಕ; ನಗು ಬೇಕಾದದ್ದಕ್ಕಿಂತ ಸ್ವಲ್ಪ ಉದ್ದವಾಯಿತು.

ಸಂಪದಾ ಮೂರು ಪ್ರತಿಗಳನ್ನೂ ಮುಂದಿಟ್ಟಳು. ದೇವರಾಜ ಮೊದಲನೆಯದನ್ನು ಬದಿಗೆ ಸರಿಸಿ, ಇದು ಬಸ್ಸಿನವರಿಗೆ ಎಂದ. ಎರಡನೆಯದಕ್ಕೆ ಅರ್ಜಿ ತೆರೆದ. ಕಂಪ್ಯೂಟರಿನ ಪರದೆಯಲ್ಲಿ ಒಂದೊಂದೇ ಪ್ರಶ್ನೆ ಬಂತು. ದೇವರಾಜ ಕನ್ನಡದಲ್ಲಿ ಓದಿದ. ಅನೂಪ ಉತ್ತರ ಕೊಟ್ಟ. ಸಕ್ಕರೆ ಕಾಯಿಲೆ? ಇಲ್ಲ. ಹೃದಯದ ತೊಂದರೆ? ಇಲ್ಲ. ರಕ್ತದೊತ್ತಡ? ನೋಡಿಸಿದ್ದೇ ಇಲ್ಲ, ಹಾಗಾಗಿ ಇಲ್ಲ. ಮುಂದಿನ ಪ್ರಶ್ನೆಗೆ ಬಂದಾಗ ದೇವರಾಜ ಓದಲಿಲ್ಲ. ಮೌಸಿನ ಮೇಲಿನ ಅವನ ಬೆರಳು ಹಾಗೇ ನಿಂತಿತು. ಅವನು ಅನೂಪನ ಮುಖವನ್ನಲ್ಲ, ಬಲಗೈಯನ್ನು ನೋಡಿದ. ಆಮೇಲೆ ಸರ್ವರ್ ಹೋಯಿತು ಅಂದ.

ಸರ್ವರ್ ಹೋಗಿರಲಿಲ್ಲ. ಸಂಪದಾ ಕೂತಲ್ಲಿಂದ ಪರದೆ ಕಾಣುತ್ತಿತ್ತು. ಕರ್ಸರು ಮಿಣಮಿಣ ಅನ್ನುತ್ತಲೇ ಇತ್ತು.

ಚಾ ತರಿಸುತ್ತೇನೆ ಎಂದು ದೇವರಾಜ ಎದ್ದ. ಮೆಟ್ಟಿಲ ತುದಿಯಿಂದಲೇ ಕೆಳಗೆ ಕೂಗಿ ಹೇಳಿದ: ಎರಡು ಚಾ, ಎರಡು ಬನ್ಸು, ಒಂದು ಬರೀ ಹಾಲು, ಬನ್ಸಿನ ಜೊತೆ ಚಟ್ನಿ ಬೇಡ, ಹುಣಸೆ ಹಾಕಿರ್ತಾರೆ. ಬರೀ ಹಾಲು ಯಾರಿಗೆಂದು ಅನೂಪ ಕೇಳಲಿಲ್ಲ. ಹುಳಿ ಬಿಡಬೇಕೆಂದು ಇವನಿಗೆ ಹೇಗೆ ಗೊತ್ತು ಎಂದು ಸಂಪದಾ ಒಂದು ಕ್ಷಣ ಯೋಚಿಸಿದಳು. ಗೊತ್ತಾಯಿತು. ಈರಗೌಡರ ಅಂಗಳದಲ್ಲಿ ಆ ದಿನ ಬಾಳೆಯ ಬುಡದ ಬೆಂಚಿನ ಮೇಲೆ ಮುದುಕಿಯೊಬ್ಬಳನ್ನು ಎದೆಗೆ ಆನಿಸಿಕೊಂಡು ಕೂತಿದ್ದ ಗಡ್ಡದ ಮನುಷ್ಯ ಇವನೇ. ಈಗ ಗಡ್ಡ ಇಲ್ಲ, ಅಷ್ಟೇ. ಯಾರಿಗೂ ತಿಳಿಯಬಾರದೆಂದು ಇವರು ಹೋದ ಅಂಗಳ ಸಂತೆಗಿಂತ ಬಹಿರಂಗವಾದ ಜಾಗ. ಆದರೆ ಅಲ್ಲಿ ಕಂಡವರು ಕಂಡದ್ದನ್ನು ಹೇಳುವಂತಿಲ್ಲ. ಅದೂ ಪಥ್ಯವೇ.

"ಅಮ್ಮ ಹೇಗಿದ್ದಾರೆ?" ಎಂದು ಅವಳು ಕೇಳಿದಳು.

ಅಮ್ಮ ತಿಮ್ಮಕ್ಕನ ಎಡಗಾಲು ಇನ್ನೂ ನೆಲಕ್ಕೆ ಊರುವುದಿಲ್ಲ ಎಂದ ದೇವರಾಜ. ಮಾತು ಬಂದಿದೆ, ಬಯ್ಯುವಷ್ಟು ಬಂದಿದೆ, ಸೊಸೆಯ ಪುಣ್ಯ. ಮದ್ದೂ ಬಿಟ್ಟಿಲ್ಲ, ಉಡುಪಿಯ ಡಾಕ್ಟರ ಗುಳಿಗೆಯೂ ಬಿಟ್ಟಿಲ್ಲ; ಎರಡರಲ್ಲಿ ಯಾವುದು ತಾಗಿತು ಎಂದು ಕೇಳಿದರೆ ಎರಡೂ ಮುನಿಸಿಕೊಳ್ಳುತ್ತವೆ ಎಂದು ಕೇಳಿಲ್ಲ. ಇಷ್ಟು ಹೇಳುವಾಗಲೂ ಅವನು ಕಾಯಿಲೆಯ ಹೆಸರು ಎತ್ತಲಿಲ್ಲ. ಪರದೆಯತ್ತ ಗಲ್ಲ ತೋರಿಸಿ, ದನಿ ಇಳಿಸಿ ಹೇಳಿದ:

"ಇದ್ರಲ್ಲಿ ಗಾಳಿ ಅಂತ ಕಾಲಂ ಇಲ್ಲ ಅಕ್ಕೋರೆ. ಇಂಗ್ಲಿಷಿನಲ್ಲಿ ಹೆಸ್ರು ಬರೆದು ಹೌದು ಇಲ್ಲ ಕೇಳ್ತಾರೆ. ಹೆಗಡೇರು ಇಲ್ಲ ಅಂದ್ರೆ ನಾನು ಇಲ್ಲ ಒತ್ತುದು, ಅದು ನನ್ನ ಕೆಲ್ಸ. ಆದ್ರೆ ನಾನು ನೋಡಿದ್ದೇನಲ್ಲ. ನೋಡಿ ಒತ್ತುಕೆ ಕೈ ಬರುದಿಲ್ಲ."

ಹಾಗಾದರೆ ಬೇರೆಯವನ ಹತ್ತಿರ ಮಾಡಿಸುತ್ತೇನೆ ಎಂದು ಅನೂಪ ಎದ್ದ. ಎದ್ದವನು ಬಾಗಿಲಿಗೆ ಹೋಗದೆ ಕಿಟಕಿಗೆ ಹೋದ, ಅಲ್ಲಿಂದ ಗೋಡೆಯ ಕ್ಯಾಲೆಂಡರಿಗೆ, ಅಲ್ಲಿಂದ ಮತ್ತೆ ಕುರ್ಚಿಗೆ. ಸಂಪದಾ ಸಿಟ್ಟಿನಿಂದಲೇ ಅವನತ್ತ ತಿರುಗಿದಳು. ಆಗ ಅವಳಿಗೆ ಅವನ ಬಲಗೈ ಕಂಡಿತು. ಪ್ಯಾಂಟಿನ ಬದಿಯಲ್ಲಿ, ಯಾರಿಗೂ ಕಾಣದ ಹಾಗೆ, ಹೆಬ್ಬೆರಳು ಒಂದೊಂದೇ ಬೆರಳ ತುದಿಯನ್ನು ಮುಟ್ಟುತ್ತಿತ್ತು. ತೋರು, ನಡು, ಉಂಗುರ, ಕಿರು. ಮತ್ತೆ ತೋರು. ಪ್ರಯೋಗಶಾಲೆಯಲ್ಲಿ ಉಪಕರಣ ಸರಿಯಿದೆಯೇ ಎಂದು ಕೆಲಸಕ್ಕೆ ಮೊದಲು ಪರೀಕ್ಷಿಸಿದ ಹಾಗೆ ಅವನು ತನ್ನ ಕೈಯನ್ನು ಪರೀಕ್ಷಿಸುತ್ತಿದ್ದ. ಕಾರಿನಲ್ಲಿ ಗಾಜು ಇಳಿಸಿ ಏರಿಸಿದ್ದು ಇದೇ. ರೇಡಿಯೋದ ಗುಂಡಿ ಇದೇ. ಕ್ಲಚ್ಚಿಗೆ ಏನೂ ಆಗಿರಲಿಲ್ಲ.

"ನೀವು ಹೆದರಿದ್ರಿ," ಎಂದಳು. ಕೇಳಿದ್ದಲ್ಲ, ಗೊತ್ತಾದದ್ದನ್ನು ಹೇಳಿದ್ದು.

ಅನೂಪ ದೇವರಾಜನನ್ನು ನೋಡಿದ, ಅವಳನ್ನು ನೋಡಿದ. "ಹೆಸರು ಹೇಳಿದ್ರೆ ಅದು ಬತ್ತು. ನಾ ಓದಿದವ, ನಂಗೆ ಗೊತ್ತಿದ್ದು ಹಾಂಗೆಲ್ಲ ಆಗ್ತಿಲ್ಲೆ ಹೇಳಿ. ಆದ್ರೂ ಬತ್ತು." ಆಮೇಲೆ, ದನಿಯೇ ಇಲ್ಲದವನಂತೆ, "ಮಳೆಗಾಲ ಒಂದು ದಾಟ್ಲಿ," ಎಂದ.

ಹಡಗು ಹೊರಡುವುದು ಫೆಬ್ರವರಿಯಲ್ಲಿ. ಮಳೆಗಾಲ ದಾಟುವುದು ಅಕ್ಟೋಬರಿನಲ್ಲಿ. ನಡುವೆ ನಡುಗಡಲು. ಸಂಪದಾಗೆ ಏನೇನೋ ಹೇಳಬೇಕೆನಿಸಿತು. ಜೀಪಿನಲ್ಲೇ ನಿಮ್ಮ ಬಾಯಿ ನೆಟ್ಟಗಾಗಿತ್ತು, ಮದ್ದು ಆಮೇಲೆ ಕುಡಿದದ್ದು ಎಂದು. ಹೆಪ್ಪುಗಟ್ಟಿದ ರಕ್ತಕ್ಕೆ ಕಿವಿ ಇಲ್ಲ, ಕರೆದರೆ ಕೇಳಿಸುವುದಿಲ್ಲ ಎಂದು. ಪಾಠ ಸರಿಯೇ, ಆದರೆ ಆ ಹೆಬ್ಬೆರಳಿಗೆ ಪಾಠ ತಾಗುವುದಿಲ್ಲವೆಂದು ಅವಳಿಗೆ ತಿಳಿಯಿತು. ಇಪ್ಪತ್ತೈದು ವರ್ಷ ಜೊತೆಗಿದ್ದವನು ಮೂರು ತಿಂಗಳಿನಿಂದ ತನ್ನ ಪಕ್ಕದಲ್ಲೇ ಒಬ್ಬನೇ ಕಾವಲು ಕೂತಿದ್ದ. ಅವಳು ಅದನ್ನು ಸೋಮಾರಿತನ ಎಂದು ಓದಿದ್ದಳು, ಚೀಟಿ ಪೂರ್ತಿ ನೋಡದೆ.

ಅವಳು ಕುರ್ಚಿಯನ್ನು ದೇವರಾಜನ ಮೇಜಿಗೆ ಎಳೆದುಕೊಂಡಳು.

"ಬರ್ಕೊಳ್ಳಿ. ಲಕ್ವ. ಅಕ್ಟೋಬರಿನಲ್ಲಿ ಇವರಿಗೆ ಲಕ್ವ ಹೊಡೆದಿತ್ತು, ಬಲಬದಿಗೆ, ಒಂದು ಗಂಟೆಯೊಳಗೆ ಬಿಟ್ಟಿತು." ಆಮೇಲೆ ಗಂಡನ ಕಡೆ ತಿರುಗಿ, ಮನೆಯ ಮಾತಿನಲ್ಲಿ ಹೇಳಿದಳು: "ಕರೆದದ್ದು ನಾನು. ಬಪ್ಪುದಾದ್ರೆ ನನ್ನ ಹತ್ರ ಬರ್ಲಿ."

ದೇವರಾಜ ಮೇಜಿನ ಮರವನ್ನು ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅನೂಪ ಕುರ್ಚಿಯಿಂದ ಅರ್ಧ ಎದ್ದ. ಹಾಗೆಲ್ಲ ಹೇಳಬಾರದಿತ್ತು ಎಂದ, ಹೇಳಿದ್ದನ್ನು ವಾಪಸು ತೆಗೆದುಕೋ ಎಂದ. ಸಣ್ಣ ಹುಡುಗರು ಆಣೆ ವಾಪಸು ಕೇಳುವ ಹಾಗೆ. ಅವಳು ತೆಗೆದುಕೊಳ್ಳಲಿಲ್ಲ. ಕೆಳಗಿನಿಂದ ಚಾ ಬಂತು, ಹಾಲು ಬಂತು. ಯಾರೂ ಸರಿಯಾಗಿ ಕುಡಿಯಲಿಲ್ಲ. ದೇವರಾಜ ಎರಡನೆಯ ಅರ್ಜಿ ಮುಚ್ಚಿ ಮೂರನೆಯದು ತೆರೆದ. ಸರ್ವರ್ ಬಂದಿತ್ತು. ಇದಕ್ಕೆ ಡಾಕ್ಟರ ವರದಿ ಬೇಕು, ಸೋಮವಾರ ಮಧ್ಯಾಹ್ನದೊಳಗೆ ಕಳಿಸಿದರೆ ಸಾಕು. ಡಾಕ್ಟರು ಹೋಗಬೇಡಿ ಅಂದರೆ ಟಿಕೆಟಿನ ದುಡ್ಡು ವಾಪಸು ಸಿಗುವುದಕ್ಕೂ ಇದರಲ್ಲಿ ದಾರಿ ಇದೆಯೋ ನೋಡಿ ಹೇಳುತ್ತೇನೆ ಎಂದ. ಮೆಟ್ಟಿಲಿಳಿಯುವಾಗ ಸಂಪದಾಳ ಹಿಂದೆ ಬಂದು, ನೀವು ಕಲಿಸುವವರು ಅಕ್ಕೋರೆ, ಆದರೂ ಇವತ್ತು ಮನೆಗೆ ಹೋದ ಮೇಲೆ ಒಂದು ಕಾಯಿ ಒಡೆಸಿ ಎಂದು ಹೇಳಿದ.

ಹಿಂದಿರುಗುವ ದಾರಿಯಲ್ಲಿ ಅನೂಪ ರೇಡಿಯೋ ಮುಟ್ಟಲಿಲ್ಲ, ಗಾಜು ಮುಟ್ಟಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ಶಿರಾಲಿ ದಾಟಿದ ಮೇಲೆ, ನಿನ್ನ ಬಾಯಿ ಸರಿ ಇದ್ದಾ, ಒಂದು ಸಲ ನಗು ಎಂದ. ಅವಳಿಗೆ ನಿಜಕ್ಕೂ ನಗು ಬಂತು. ಆದರೆ ನಕ್ಕ ಮೇಲೆ ಕನ್ನಡಿಯನ್ನು ಸ್ವಲ್ಪ ತನ್ನ ಕಡೆ ತಿರುಗಿಸಿ, ಹಿಂದೆ ಲಾರಿ ಬರುತ್ತಿದೆಯೇ ನೋಡುವವಳಂತೆ, ತುಟಿಯ ಎರಡೂ ತುದಿಗಳನ್ನು ನೋಡಿಕೊಂಡಳು. ಸಮ ಇದ್ದವು. ಮಂಕಿಯ ಹತ್ತಿರ ಮತ್ತೊಮ್ಮೆ ನೋಡಿಕೊಂಡಳು. ಎಡಗೈಯ ಕಿರುಬೆರಳು ಸ್ಟೇರಿಂಗಿನ ಮೇಲೆ ಸ್ವಲ್ಪ ಜೋಮು ಹಿಡಿದ ಹಾಗಿತ್ತು. ಬಿಗಿಯಾಗಿ ಹಿಡಿದದ್ದಕ್ಕೆ, ಇನ್ನೆಂತಕ್ಕೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೂ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ನೋಡಿದಳು. ಅಷ್ಟರ ಮಟ್ಟಿಗೆ ಅವಳಿಗೂ ಅವನ ಮೂರು ತಿಂಗಳು ತಿಳಿಯಿತು.

ಶರಾವತಿಯ ಸೇತುವೆ ಮುಗಿಯಿತು. ಬಂದರು ರಸ್ತೆಗೆ ತಿರುಗುವ ಜಾಗ ಬಂತು, ಹೋಯಿತು. ಅವಳು ತಿರುಗಿಸಲಿಲ್ಲ. ಕುಮಟೆಯಲ್ಲಿ ಅವರ ಮನೆಯವರೆಲ್ಲ ಹೋಗುವ ಡಾಕ್ಟರು ಶನಿವಾರವೂ ಮಧ್ಯಾಹ್ನದ ತನಕ ಇರುತ್ತಾರೆಂದು ಅನೂಪನಿಗೂ ಗೊತ್ತಿತ್ತು. ಮನೆ ದಾಟಿತು ಎಂದು ಅವನು ಹೇಳಲಿಲ್ಲ. ಸುಹಾಸನ ಕರೆ ಬಂದಾಗ ಫೋನನ್ನು ತಿರುಗಿಸಿ ತೊಡೆಯ ಮೇಲೆ ಇಟ್ಟುಕೊಂಡ.

ದವಾಖಾನೆಯಲ್ಲಿ ಜನ ಇದ್ದರು. ಅನೂಪ ಕೂರಲಿಲ್ಲ, ಮೀನಿನ ತೊಟ್ಟಿಯ ಎದುರು ನಿಂತ, ತೂಕದ ಯಂತ್ರದ ಮೇಲೆ ಹತ್ತಿದ, ಮುಳ್ಳು ನಿಲ್ಲುವ ಮೊದಲೇ ಇಳಿದ. ಕರೆದಾಗ ಒಳಗೆ ಹೋದವನು ಮೊದಲು ಇವಳದ್ದು ನೋಡಿ ಎಂದು ಹಟ ಹಿಡಿದ. ಕಾಯಿಲೆ ಯಾರಿಗೆ ಎಂದು ಕೇಳಿದರು ಡಾಕ್ಟರು. ಇಬ್ಬರಿಗೂ ಆಗಿರಬಹುದು ಎಂದ. ಡಾಕ್ಟರು ವಾದ ಮಾಡದೆ ಸಂಪದಾಳ ತೋಳಿಗೆ ಪಟ್ಟಿ ಸುತ್ತಿದರು. ನೂರ ಇಪ್ಪತ್ತೆರಡು, ಎಪ್ಪತ್ತೆಂಟು. ನಿಮಗೆ ಏನೂ ಆಗಿಲ್ಲ, ಮನೆಗೆ ಹೋಗಿ ಊಟ ಮಾಡಿ ಎಂದರು. ಅನೂಪ ಆ ಎರಡು ಸಂಖ್ಯೆಗಳನ್ನು ಮತ್ತೊಮ್ಮೆ ಹೇಳಿಸಿಕೊಂಡ. ಆಮೇಲೆ ಕುರ್ಚಿಯಲ್ಲಿ ಪೂರ್ತಿ ಕೂತ, ಬೆನ್ನು ಆನಿಸಿ, ಬೆಳಿಗ್ಗೆಯಿಂದ ಮೊದಲ ಸಲ. ಬಲಗೈಯ ಅಂಗಿ ಮಡಚಿ ಮೇಜಿನ ಮೇಲೆ ಇಟ್ಟ.

ಮೊದಲು ಏನಾದರೂ ಆಗಿತ್ತೇ ಎಂದು ಡಾಕ್ಟರು ಪಟ್ಟಿ ಸುತ್ತುತ್ತ ಕೇಳಿದರು. ಅದು ಅವರು ಎಲ್ಲರಿಗೂ ಕೇಳುವ ಪ್ರಶ್ನೆ. ಸಂಪದಾ ಬಾಯಿ ತೆರೆದಳು. ಅನೂಪ ಎಡಗೈ ಎತ್ತಿ ಅವಳನ್ನು ತಡೆದ.

"ಅಕ್ಟೋಬರಿನಲ್ಲಿ ಲಕ್ವ ಹೊಡೆದಿತ್ತು," ಎಂದ.

ಡಾಕ್ಟರು ತಲೆಯೆತ್ತಿ ಅವನನ್ನು ನೋಡಿದರು. ಎಲ್ಲಿ ತೋರಿಸಿದಿರಿ ಎಂದು ಕೇಳಲಿಲ್ಲ. ಈ ಊರಿನವರು, ಗೊತ್ತಿತ್ತು. ಮಾತಾಡಬೇಡಿ, ಕೈ ಸಡಿಲ ಬಿಡಿ ಎಂದಷ್ಟೇ ಹೇಳಿ ಪಂಪು ಒತ್ತಿದರು. ಪಟ್ಟಿ ಉಬ್ಬಿತು. ಪಾದರಸ ಮೇಲೆ ಹೋಯಿತು, ಮೆಲ್ಲಗೆ ಇಳಿಯತೊಡಗಿತು. ಗಾಜಿನ ಕೊಳವೆಯಲ್ಲಿ ಇಳಿಯುವ ದ್ರವ ಎಲ್ಲಿ ನಿಲ್ಲುತ್ತದೆಂದು ನೋಡುವುದು ಸಂಪದಾಳ ದಿನದ ಕೆಲಸ. ಇವತ್ತು ಅವಳು ಅದನ್ನು ಬಿಟ್ಟು ಗಂಡನ ಬೆರಳುಗಳನ್ನು ನೋಡುತ್ತಿದ್ದಳು. ಅವು ಅಲುಗಲಿಲ್ಲ. ಡಾಕ್ಟರು ಎರಡು ಸಲ ನೋಡಿ ಖಚಿತ ಮಾಡಿಕೊಂಡರು. ಸೋಮವಾರ ಬೆಳಿಗ್ಗೆಯೇ ತಲೆಯ ಸ್ಕ್ಯಾನು ಆಗಬೇಕು, ಗುಳಿಗೆ ಇವತ್ತೇ ಶುರು, ಹಡಗಿನ ಮಾತು ಆಮೇಲೆ ಎಂದು ಹೇಳಿ, ವಿಮೆಯ ವರದಿಯ ಮೇಲೆ ಅನೂಪನ ರಕ್ತದೊತ್ತಡ ಬರೆದರು: ೧೭೬/೧೦೪.